ಗಿರಿಯಮ್ಮ ಕಟ್ಟಿದ ಗಂಟು

ಸೀತೂರಿನ ಗಿರಿಯಮ್ಮ ಸಾಮಾನು ಕಟ್ಟಿದರೆ ಲಾರಿ ಹಳ್ಳಕ್ಕೆ ಉರುಳಿದರೂ ಒಳಗಿನ ಹಪ್ಪಳ ಮುರಿಯದು ಎಂದು ಊರವರು ಹೇಳುತ್ತಾರೆ. ಉರುಳಿಸಿ ನೋಡಿದವರು ಯಾರೂ ಇಲ್ಲ. ಆದರೆ ಮಾತು ಕೊಪ್ಪದವರೆಗೂ ಹೋಗಿದೆ. ಮದುವೆ ದಿಬ್ಬಣ ಹೊರಡಲಿ, ಯಾತ್ರೆಯ ಬಸ್ಸು ಹೊರಡಲಿ, ಯಾರದೋ ಮಗಳು ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಡಲಿ, ಹಿಂದಿನ ದಿನವೇ ಗಿರಿಯಮ್ಮನಿಗೆ ಕರೆ ಬರುತ್ತದೆ. ಸೆರಗು ಸಿಕ್ಕಿಸಿಕೊಂಡು ಹೋಗುತ್ತಾಳೆ, ಚೀಲ ತುಂಬುತ್ತಾಳೆ, ಹಗ್ಗ ಬಿಗಿಯುತ್ತಾಳೆ. ಗಾಡಿ ಹೊರಟು ಹೋಗುತ್ತದೆ. ಉಳಿದ ಹಗ್ಗದ ತುಂಡು ಹಿಡಿದುಕೊಂಡು ಗಿರಿಯಮ್ಮ ಅಂಗಳದಲ್ಲಿ ನಿಲ್ಲುತ್ತಾಳೆ.

ಗಂಡ ಬದುಕಿದ್ದಾಗ ಅವನ ಕಾಶಿಯಾತ್ರೆಗೂ ಅವಳೇ ಕಟ್ಟಿದ್ದು. ಅವನು ಗಂಗೆಯಲ್ಲಿ ಮುಳುಗೆದ್ದು ಬಂದ. ಇವಳು ಅವನ ಒದ್ದೆ ಪಂಚೆ ಒಗೆದು ಪುಣ್ಯ ಕಟ್ಟಿಕೊಂಡಳು.

ಈ ಸಲ ಹೊರಟಿದ್ದು ಕುದುರೆ. ತಮ್ಮನ ಮಗ ಬಸವೇಶ್, ಹೋಂಸ್ಟೇ ಮುಚ್ಚಿದವನೊಬ್ಬನಿಂದ ಒಂದು ಹೆಣ್ಣು ಕುದುರೆ ತಂದು ಸಾಕಿದ್ದ. ಅದರ ಹಳೆಯ ಹೆಸರು ಯಾರ ನಾಲಿಗೆಗೂ ಹೊರಳದ್ದರಿಂದ ಗಿರಿಯಮ್ಮ ಸುಬ್ಬಿ ಎಂದು ಕರೆದಳು, ಅದೇ ನಿಂತಿತು. ಬಸವೇಶನ ಮಗಳು ರಮ್ಯ ಸವಾರಿ ಕಲಿತಳು. ಕೊಪ್ಪದ ಆಚೆ ಒಂದು ಎಸ್ಟೇಟಿನ ಮೈದಾನದಲ್ಲಿ ಎರಡು ದಿನದ ಕುದುರೆ ಪ್ರದರ್ಶನ ಎಂದು ಗೊತ್ತಾಯಿತು. ಮೊದಲ ದಿನ ಸಂಜೆ ತೀರ್ಪುಗಾರರು ಲಾಯ ನೋಡಿ ಅಂಕ ಕೊಡುತ್ತಾರೆ, ರಾತ್ರಿ ಅಲ್ಲೇ ಉಳಿಯಬೇಕು, ಮರುದಿನ ಬೆಳಿಗ್ಗೆ ಅಡ್ಡಗಂಬ ಹಾರುವ ಸ್ಪರ್ಧೆ.

ಗಿರಿಯಮ್ಮ ಮನಸ್ಸಿನಲ್ಲೇ ತೀರ್ಮಾನಿಸಿದಳು: ಈ ಸಲ ಗಂಟಿನ ಜೊತೆ ನಾನೂ ಹೋಗುವವಳೇ.

"ಪಿಕಪ್ಪಲ್ಲಿ ಕುದುರೆ, ಮುಂದೆ ನಾನು, ರಮ್ಯ, ಡ್ರೈವರ್ರು. ಧರ್ಮೇಶನ ಸಣ್ಣ ಗೂಡ್ಸ್ ಗಾಡೀಲಿ ಸಾಮಾನು" ಎಂದ ಬಸವೇಶ್.

"ಧರ್ಮೇಶನ ಪಕ್ಕ ಒಂದು ಸೀಟು ಇದೆಯಲ್ಲ?"

"ಅಲ್ಲಿ ಜೀನು ಇಡ್ಬೇಕು ಅತ್ತೆ. ಬೇರೆಯವರ ಹತ್ರ ಕೇಳಿ ತಂದಿದ್ದು. ಹಿಂದೆ ಹಾಕಿದ್ರೆ ಅಪ್ಪಚ್ಚಿ ಆಗ್ತದೆ."

"ನಾನೇ ತೊಡೆ ಮೇಲೆ ಇಟ್ಕಳ್ತೀನಿ."

"ಬೇಡ ಮಾರಾಯ್ತಿ. ಅದಕ್ಕೆ ಸುಕ್ಕು ಬಿದ್ರೆ ಯಾರು ಉತ್ತರ ಕೊಡೋದು?"

ಅರವತ್ತೈದು ವರ್ಷದ ಅತ್ತೆಗಿಲ್ಲದ ಸೀಟು ಚರ್ಮದ ಜೀನಿಗೆ! ಅದಕ್ಕೆ ಸುಕ್ಕು ಬೀಳಬಾರದು, ಇವಳ ಮುಖದ ತುಂಬ ಬಿದ್ದಿರುವುದು ಯಾವ ಲೆಕ್ಕ? ಗಿರಿಯಮ್ಮ ಸೀದಾ ಕೊಟ್ಟಿಗೆಗೆ ಹೋಗಿ ಸಾಮಾನು ಕಟ್ಟಲು ಕೂತಳು.

ಅಷ್ಟು ದಿನ ಕಟ್ಟಿದ್ದು ಕೈಯಿಂದ, ಅಂದು ಕಟ್ಟಿದ್ದು ತಲೆಯಿಂದ. ಗೊಬ್ಬರದ ಬಿಳಿ ಚೀಲಗಳನ್ನು ತೊಳೆದು ಒಣಗಿಸಿದ್ದಳು, ಎಲ್ಲವೂ ಒಂದೇ ತಾಯಿಯ ಮಕ್ಕಳಂತಿದ್ದವು. ಮೊದಲು ಬೇಕಾಗುವ ಬೂಸಾ ಎಲ್ಲಕ್ಕಿಂತ ಕೆಳಗೆ ಹೋಯಿತು. ಮೈ ಉಜ್ಜುವ ಬ್ರಷ್ಷು ಬೆಲ್ಲದ ಡಬ್ಬಿಯೊಳಗೆ, ಆ ಡಬ್ಬಿ ಹುರುಳಿಯೊಳಗೆ, ಹುರುಳಿ ಕಂಬಳಿಯೊಳಗೆ. ಬಕೆಟ್ಟಿನ ಬಾಯಿಗೆ ಹುಲ್ಲು ತುರುಕಿ ಚೀಲ ಹಾಕಿ ಹೊಲಿದಳು. ಎಲ್ಲದಕ್ಕೂ ಅಪ್ಪ ಕಲಿಸಿದ ಹೊರೆಗಂಟು ಬಿಗಿದಳು. ಅದು ಎಳೆದಷ್ಟೂ ಬಿಗಿಯುವ ಗಂಟು. ಒಳಗೆ ಅಡಗಿದ ತುದಿ ಸಿಕ್ಕವರಿಗೆ ಮಾತ್ರ ಹೂವಿನಂತೆ ಬಿಡುತ್ತದೆ.

"ಎಷ್ಟು ಅಚ್ಚುಕಟ್ಟು ನೋಡಿ!" ಎಂದು ಬಸವೇಶ್ ಹೊರಡುವಾಗ ಮೆಚ್ಚಿಕೊಂಡ. ಜೀನು ಸೀಟಿನಲ್ಲಿ ಗತ್ತಾಗಿ ಕೂತು ಹೋಯಿತು.

ಗಿರಿಯಮ್ಮ ಅಂಗಳದಲ್ಲಿ ನಿಲ್ಲಲಿಲ್ಲ. ಒಳಗೆ ಹೋಗಿ ಸ್ನಾನ ಮಾಡಿ, ಟ್ರಂಕಿನಲ್ಲಿದ್ದ ಹಸಿರು ಸೀರೆ ಉಟ್ಟು, ಫೋನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತಳು. ಬಿಸಿಲು ಇಳಿಯತೊಡಗಿತು. ಫೋನು ಸುಮ್ಮನಿತ್ತು. ನನ್ನ ಲೆಕ್ಕ ತಪ್ಪಿತೇ, ಗಂಟು ಸಡಿಲವಾಯಿತೇ ಎಂದು ಫೋನನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅಷ್ಟರಲ್ಲಿ ಅದು ಕೂಗಿತು.

"ಅತ್ತೆ, ಬೂಸಾ ಎಲ್ಲಿಟ್ಟಿದೀಯ?"

"ಬಿಳಿ ಚೀಲದಲ್ಲಿ ಕಣೋ."

"ಎಲ್ಲಾ ಬಿಳಿ ಚೀಲನೇ!"

"ಹಂಗಾರೆ ಅದ್ರಲ್ಲೇ ಇರ್ಬೇಕು."

ಫೋನು ಇಟ್ಟು ಮತ್ತೆ ಮಾಡಿದ. "ಗಂಟು ಬಿಚ್ತಾ ಇಲ್ಲ. ಎಳೆದು ಎಳೆದು ನನ್ನ ಉಗುರು ಹೋಯ್ತು."

"ಎಳೀಬಾರ್ದು ಮಾರಾಯ, ತುದಿ ಹುಡುಕ್ಬೇಕು."

"ತುದಿ ಎಲ್ಲಿದೆ?"

"ಗಂಟಿನ ಒಳಗೆ."

ಮೂರನೇ ಸಲ ರಮ್ಯಳ ದನಿ. "ಅಜ್ಜೀ, ಅಪ್ಪ ಒಂದು ಚೀಲ ಕೊಯ್ದ್ರು. ಒಳಗೆ ಇನ್ನೊಂದು ಚೀಲ. ಅದನ್ನೂ ಕೊಯ್ದ್ರು. ಬರೀ ಅವಲಕ್ಕಿ, ಮಣ್ಣಿಗೆ ಚೆಲ್ಲಿತು. ಸುಬ್ಬಿ ಹಸಿದು ಬಾಗಿಲಿಗೆ ಒದೀತಿದಾಳೆ. ತೀರ್ಪುಗಾರರು ಬರೋಕೆ ಇನ್ನು ಎರಡೇ ಗಂಟೆ ಇರೋದು!"

ಸುಬ್ಬಿ ಹಸಿದಿದ್ದಾಳೆ ಎಂದ ಕೂಡಲೇ ಗಿರಿಯಮ್ಮ ಜಗಲಿಯಿಂದ ಎದ್ದು ನಿಂತಳು. ತಂತ್ರ ಮಾಡಿದ್ದು ಬಸವೇಶನ ಮೇಲೆ, ಪೆಟ್ಟು ಬಿದ್ದಿದ್ದು ಮೂಕಪ್ರಾಣಿಗೆ. "ಗಾಡಿ ಬಾಗಿಲ ಹತ್ರ ನಾನು ಒರಗಿಸಿದ್ದ ಹುಲ್ಲಿನ ಕಂತೆಗೆ ಗಂಟಿಲ್ಲ ಮಗಾ, ಬರೀ ಸುತ್ತಿದೀನಿ. ಅದನ್ನ ಮೊದ್ಲು ಹಾಕು" ಎಂದಳು. "ಉಳಿದಿದ್ದು ಫೋನಲ್ಲಿ ಹೇಳಿದ್ರೆ ಆಗಲ್ಲ, ಕೈಲಿ ಮುಟ್ಟಿದ್ರೇ ಆಗೋದು."

ಬಸವೇಶ್ ಫೋನು ಕಸಿದುಕೊಂಡ. "ಧರ್ಮೇಶನ್ನ ಕಳಿಸ್ತಿದೀನಿ. ಬಂದ್ಬಿಡು."

"ನಾನೆಂತಕ್ಕೆ ಬರೋದು? ಮನೇಲಿ ರಾಶಿ ಕೆಲಸ ಬಿದ್ದಿದೆ."

"ಅತ್ತೆ, ಕೈ ಮುಗೀತೀನಿ."

"ಹ್ಞೂಂ, ನೋಡೋಣ" ಎಂದಳು, ಚಪ್ಪಲಿ ಮೆಟ್ಟಿಕೊಳ್ಳುತ್ತ.

ಧರ್ಮೇಶ್ ಬಂದಾಗ ಅವಳು ಗೇಟಿನ ಹೊರಗೆ ನಿಂತಿದ್ದಳು. ಅವನು ಹಸಿರು ಸೀರೆ ನೋಡಿ ನಕ್ಕ. "ಏನ್ ಗಿರಿಯಮ್ಮಾರೆ, ಗಂಟಿಗೆ ನಿಮ್ಮನ್ನೂ ಸೇರ್ಸಿ ಕಟ್ಕೊಂಡಿದ್ರಾ?"

"ಬಾಯಿ ಮುಚ್ಕೊಂಡು ಗಾಡಿ ಬಿಡು. ಕುದುರೆ ಹಸ್ದಿದೆ."

ದಾರಿಯುದ್ದಕ್ಕೂ ಕಿಟಕಿಗೆ ಮುಖ ಕೊಟ್ಟು ಕೂತಳು. ತಾನು ನೂರು ಸಲ ಬಸ್ಸಿನಲ್ಲಿ ಹೋದ ರಸ್ತೆಯೇ ಆದರೂ, ಸಾಮಾನಿನ ಗಾಡಿಯ ಮುಂದಿನ ಸೀಟಿನಿಂದ ಬೇರೆ ಊರಿನಂತೆ ಕಂಡಿತು.

ಮೈದಾನದಲ್ಲಿ ಬಸವೇಶ್ ಬಿಳಿ ಚೀಲಗಳ ನಡುವೆ ಕೂತಿದ್ದ, ಸಂತೆಯಲ್ಲಿ ಮಾರಾಟವಾಗದೆ ಉಳಿದ ಎತ್ತಿನ ಹಾಗೆ. ಗಿರಿಯಮ್ಮ ಬೆರಳು ತೂರಿಸಿ ಒಂದೊಂದೇ ಗಂಟು ಬಿಚ್ಚಿದಳು. ಬೂಸಾ ಬಂತು, ಬಕೆಟ್ಟು ಬಂತು, ಹುರುಳಿಯ ಹೊಟ್ಟೆಯಿಂದ ಬ್ರಷ್ಷು ಬಂತು. ಸುಬ್ಬಿ ಅವಳ ಹೆಗಲು ಮೂಸಿ ಬಕೆಟ್ಟಿಗೆ ಮೂತಿ ಹಾಕಿತು. ತೀರ್ಪುಗಾರರು ಬರುವಾಗ ರಮ್ಯ ಅದರ ಮೈ ಉಜ್ಜಿ ಮಿಂಚಿಸಿದ್ದಳು.

ಅವರು ಅತ್ತ ಹೋದದ್ದೇ ತಡ ಬಸವೇಶ್ ಕೇಳಿದ. "ಆಯ್ತಲ್ಲ ಅತ್ತೆ, ಧರ್ಮೇಶನ ಹತ್ರ ಮನೆಗೆ ಬಿಡಿಸ್ಲಾ?"

ಗಿರಿಯಮ್ಮ ಮೂಲೆಯಲ್ಲಿದ್ದ ಎರಡು ಚೀಲ ತೋರಿಸಿದಳು. "ಲಗಾಮು, ರಮ್ಯನ ಬೂಟು, ಟೋಪಿ ಅದ್ರಲ್ಲಿದೆ. ನಾಳೆ ಬೇಕಾಗೋದನ್ನ ಇವತ್ತು ಬಿಚ್ಚಬಾರ್ದು. ಧೂಳು ಕೂರ್ತದೆ."

ಬಸವೇಶ್ ಚೀಲ ನೋಡಿದ, ಅತ್ತೆಯನ್ನು ನೋಡಿದ, ಕೊನೆಗೆ ಜೋರಾಗಿ ನಕ್ಕ. "ನೀನು ಬರ್ಬೇಕು ಅಂತ ಬಾಯಿ ಬಿಟ್ಟು ಹೇಳಿದ್ರೆ ಆಗ್ತಿರ್ಲಿಲ್ವಾ?"

"ಹೇಳಿದ್ನಲ್ಲೋ. ನಿಂಗೆ ಜೀನಿನ ಮಾತು ಮಾತ್ರ ಕೇಳಿಸಿದ್ದು."

ಅವನ ನಗು ಅಲ್ಲೇ ನಿಂತಿತು. ಎದ್ದು ಹೋಗಿ ಅವಳಿಗೆ ಚಹಾ ತಂದುಕೊಟ್ಟ.

ಮರುದಿನ ಬೆಳಿಗ್ಗೆ ಮುಂದಿನ ಸಾಲಿನ ಕುರ್ಚಿಯಲ್ಲಿ ಗಿರಿಯಮ್ಮ ಕೂತಿದ್ದಳು. ಸುಬ್ಬಿ ಎರಡು ಅಡ್ಡಗಂಬ ಹಾರಿತು, ಮೂರನೆಯದನ್ನು ಬೀಳಿಸಿತು. ಗಿರಿಯಮ್ಮ ಮೂರಕ್ಕೂ ಚಪ್ಪಾಳೆ ಹೊಡೆದಳು. ಬಹುಮಾನ ಬರಲಿಲ್ಲ.

ಹೊರಡುವ ಹೊತ್ತಿಗೆ ದಪ್ಪ ಮೀಸೆಯ ಕುದುರೆ ಯಜಮಾನರೊಬ್ಬರು ಬಂದರು. ಬರುವ ದಾರಿಯಲ್ಲಿ ಅವರ ಬೂಸಾ ಚೀಲ ಒಡೆದು ರಸ್ತೆ ಪಾಲಾಗಿತ್ತು. "ಈ ಗಂಟು ಕಟ್ಟಿದ್ದು ತಾವಂತೆ. ಬರೋ ತಿಂಗಳು ಸಕಲೇಶಪುರದಲ್ಲಿ ಪ್ರದರ್ಶನ ಇದೆ ಅಮ್ಮ. ನಮ್ಮ ಸಾಮಾನು ಕಟ್ಟಿ ಕೊಡ್ತೀರಾ?"

ಗಿರಿಯಮ್ಮ ಹಲ್ಲಿನಲ್ಲಿ ಹಗ್ಗದ ತುದಿ ಕಚ್ಚಿ ಬಿಗಿದು, ಆಮೇಲೆ ತಲೆ ಎತ್ತಿದಳು.

"ಕಟ್ಟಿ ಕೊಡೋಣಂತೆ. ನಿಮ್ಮ ಗಾಡೀಲಿ ನಾನು ಕೂರೋದೆಲ್ಲಿ, ಅದನ್ನ ಮೊದ್ಲು ಹೇಳಿ."