ತಟ್ಟಪ್ಪನ ಲೆಕ್ಕ ತಪ್ಪಿಸಿದ ಚಿಟ್ಟುಗಿಳಿ

ಬೀದಿಬದಿಯ ಮರಗಳ ಕೊಂಬೆ ಕಡಿಯುವುದು ಅವನ ಕೆಲಸ. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು. ಉಳಿದ ದಿನ ಎಲ್ಲರಿಗೂ ಅವನು ತಟ್ಟಪ್ಪ. ಒಣಕೊಂಬೆಗೆ ಗರಗಸ ಇಡುವ ಮೊದಲು ಕೊಡಲಿಯ ಹಿಂಬದಿಯಿಂದ ಮೂರು ಸಲ ತಟ್ಟಿ ಕಾಯುತ್ತಿದ್ದ. ಪೊಟರೆಯಿಂದ ಅಳಿಲು ಓಡಿದರೆ, ಮೈನಾ ಹಾರಿದರೆ ಆ ಕೊಂಬೆಗೆ ರಜೆ. ಯಾರೂ ಬಾರದಿದ್ದರೆ ಮನೆ ಖಾಲಿ ಎಂದು ಲೆಕ್ಕ. ಸಂಸಾರವಿದ್ದ ಒಂದು ಕೊಂಬೆಯನ್ನೂ ತಾನು ಉರುಳಿಸಿಲ್ಲವೆಂದು ಕೊಚ್ಚಿಕೊಳ್ಳುತ್ತಿದ್ದ. ಕೇಳಿ ಕೇಳಿ ಹೆಂಡತಿಗೆ ಅದು ಬಾಯಿಪಾಠವಾಗಿತ್ತು.

ಅವನಿಗಿದ್ದದ್ದು ಒಬ್ಬಳೇ ಅಕ್ಕ. ಎರಡು ಬೀದಿ ಆಚೆ ಬಟ್ಟೆ ಹೊಲಿದುಕೊಂಡು ಒಬ್ಬಳೇ ಇದ್ದಳು. ಅಮ್ಮ ಕಣ್ಣು ಮುಚ್ಚಿದ್ದು ಅವಳ ಮನೆಯಲ್ಲಿ. ಹೇಳಿಕಳಿಸಲು ತಡಮಾಡಿ ಕೊನೆಗೊಮ್ಮೆ ಅಮ್ಮನ ಮುಖ ನೋಡದಂತೆ ನೀನೇ ಮಾಡಿದೆ ಎಂದು ತಟ್ಟಪ್ಪ ನಾಲ್ಕು ಜನರ ಮುಂದೆ ಅಂದುಬಿಟ್ಟ. ಅಮ್ಮನ ಕೈ ಹಿಡಿದು ಕೂತವಳು ಅದನ್ನು ಬಿಟ್ಟು ಏಳಲಾರದೆ ಹೋದಳೆಂಬುದು ಅವನಿಗೆ ಹೊಳೆದದ್ದು ಆಮೇಲೆ. ತಪ್ಪಾಯಿತು ಅನ್ನಲು ಹೋದ. ಮೂರು ಸಲ ಬಾಗಿಲು ತಟ್ಟಿದ. ಒಳಗೆ ಹೊಲಿಗೆಯಂತ್ರದ ಸದ್ದು ನಿಂತಿತು, ಯಾರೂ ಬರಲಿಲ್ಲ. ತನ್ನ ಪಾಲಿಗೆ ಇನ್ನು ಅಕ್ಕ ಇಲ್ಲವೆಂದು ತೀರ್ಮಾನಿಸಿ ಹಿಂತಿರುಗಿದ. ಅಂದಿನಿಂದ ಆ ಬೀದಿಯ ಮರಗಳ ಸರದಿ ಬಂದಾಗಲೆಲ್ಲ ಬೇರೆಯವರನ್ನು ಕಳಿಸುತ್ತಿದ್ದ. ಅಕ್ಕ ನೆನಪಾದ ದಿನ ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ.

ಹೀಗಿರುವಾಗ ಅಂಚೆಕಚೇರಿ ಎದುರಿನ ಮರದಲ್ಲಿ ಒಣಗಿದ ದಪ್ಪ ಕೊಂಬೆಯೊಂದು ದಾರಿಯ ಮೇಲೆ ಬಾಗಿತ್ತು. ತಟ್ಟಪ್ಪ ಹತ್ತಿದ, ತಟ್ಟಿದ, ಕಾದ. ಯಾರೂ ಇಣುಕಲಿಲ್ಲ. ಹಗ್ಗ ಬಿಗಿದು, ಕೊಯ್ದು, ಮೆಲ್ಲಗೆ ಕೆಳಗಿಳಿಸಿದ. ನೋಡಿದರೆ ಪೊಟರೆಯ ಬಾಯಲ್ಲಿ ಎಲೆಯ ಸೀಳುಗಳು ಕಂಡವು, ಕತ್ತರಿಯಲ್ಲಿ ಕತ್ತರಿಸಿದಷ್ಟು ಅಚ್ಚುಕಟ್ಟು. ಬೆರಳು ಹಾಕಿದ. ಒಳಗಿದ್ದವಳು ಕಚ್ಚಿದಳು.

ಅದು ಚಿಟ್ಟುಗಿಳಿ. ಗುಬ್ಬಚ್ಚಿಗಿಂತ ತುಸುವಷ್ಟೇ ದೊಡ್ಡದು, ಮೈಯೆಲ್ಲ ಹಸಿರು, ಮೋಟು ಬಾಲದ ಬುಡದಲ್ಲಿ ಕೆಂಪು. ಹೂವಿನ ಮಧು, ಮೆತ್ತಗಿನ ಹಣ್ಣು ಅದರ ಊಟ. ರಾತ್ರಿ ಬಾವಲಿಯ ಹಾಗೆ ತಲೆಕೆಳಗಾಗಿ ಜೋತು ಮಲಗುತ್ತದೆ. ಹೆಣ್ಣು ಎಲೆಯಂಚನ್ನು ಉದ್ದಕ್ಕೆ ಸೀಳಿ, ಸೀಳುಗಳನ್ನು ಬಾಲದ ಬುಡದ ಗರಿಗಳಲ್ಲಿ ಸಿಕ್ಕಿಸಿಕೊಂಡು ತಂದು ಗೂಡಿಗೆ ಹಾಸುತ್ತದೆ. ಅಡುಗೆಮನೆಯಲ್ಲಿ ಸೆರಗು ಸಿಕ್ಕಿಸಿಕೊಂಡವರಿಗೂ ಅಷ್ಟು ಚುರುಕಿಲ್ಲ. ಮೊಟ್ಟೆಯ ಮೇಲೆ ಒಮ್ಮೆ ಕೂತಿತೆಂದರೆ ಕೈಯಲ್ಲಿ ಎತ್ತಿದರೂ ಸುಲಭಕ್ಕೆ ಏಳುವುದಿಲ್ಲ. ಇನ್ನು ತಟ್ಟಿದರೆ ಎದ್ದೀತೇ?

ತಟ್ಟಪ್ಪ ಮತ್ತೆ ಮರ ಹತ್ತಿದ. ಗೂಡಿದ್ದ ತುಂಡನ್ನು ಬಾಯಿ ಮೊದಲಿದ್ದ ದಿಕ್ಕಿಗೇ ಇಟ್ಟು ಮೋಟುಕೊಂಬೆಗೆ ಹಗ್ಗದಿಂದ ಬಿಗಿದ. ಇಳಿದು ಬಂದು ಎದುರಿನ ಚಪ್ಪಲಿ ಹೊಲಿಯುವವನ ಪಕ್ಕ ಕೂತು, ಮಧ್ಯಾಹ್ನದ ಬುತ್ತಿ ಬಿಚ್ಚದೆ ಮೇಲೆ ನೋಡುತ್ತಿದ್ದ. ಬಿಸಿಲು ಇಳಿಯುವ ಹೊತ್ತಿಗೆ ಗಂಡು ಚೀ ಚೀ ಎನ್ನುತ್ತಾ ಬಂದು, ಪೊಟರೆಯ ಬಾಯಿಗೆ ತಲೆಕೆಳಗಾಗಿ ಜೋತು, ಒಳಗಿನವಳಿಗೆ ಗುಟುಕು ಕೊಟ್ಟಿತು. ತಟ್ಟಪ್ಪ ತೋಳಿನಿಂದ ಕಣ್ಣೊರೆಸಿಕೊಂಡ.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದ. ಇಷ್ಟು ವರ್ಷ ಇನ್ನೆಷ್ಟು ಗೂಡು ಹೀಗೆ ಉರುಳಿಸಿದೆನೋ ಎಂದು ಪೇಚಾಡಿದ. ಹೆಂಡತಿ ಬೀನ್ಸ್ ಮುರಿಯುತ್ತಾ ಕೇಳಿಸಿಕೊಂಡಳು.

"ನಿಮ್ಮಕ್ಕನ ಮನೇಲೂ ಹಾಗೇ ತಾನೇ ಮಾಡಿದ್ದು?" ಅಂದಳು. "ಮೂರು ಸಲ ತಟ್ಟಿದ್ರಿ, ಒಳಗೆ ಯಾರೂ ಇಲ್ಲ ಅನ್ನೋ ಹಾಗೆ ತಿರುಗಿ ಬಂದ್ರಿ. ಅವರೇನು ಅಳಿಲಾ, ಓಡಿ ಬರೋಕೆ?"

ತಟ್ಟಪ್ಪ ಕಳಚಿದ್ದ ಚಪ್ಪಲಿಯನ್ನು ಮತ್ತೆ ಮೆಟ್ಟಿದ.

ಅಕ್ಕನ ಬಾಗಿಲಿಗೆ ಮೂರು ಸಲ ತಟ್ಟಿದ. ಹೊಲಿಗೆಯಂತ್ರ ನಿಂತಿತು. ಯಾರೂ ಬರಲಿಲ್ಲ. ಈ ಸಲ ಅವನು ಕದಲಲಿಲ್ಲ. "ಅಕ್ಕಾ, ನಾನು ಹಾಗನ್ನಬಾರದಿತ್ತು," ಎಂದು ಬಾಗಿಲಿಗೇ ಹೇಳಿದ. ಚಪ್ಪಲಿ ಕಳಚಿ ಮೆಟ್ಟಿಲ ಮೇಲೆ ಕೂತ.

"ಚಿಲಕ ಹಾಕಿಲ್ಲ, ದೂಡು," ಎಂದಿತು ಅಕ್ಕನ ದನಿ. "ಆವತ್ತೂ ಹಾಕಿರಲಿಲ್ಲ."