ಟೆರಿಬ್ಲಿ ಅಂದರೇನು

ಬೀದಿಯವರ ಪಾಲಿಗೆ ಅವಳು ಟೈಲರಮ್ಮ. ಗಂಡ ತೀರಿಕೊಂಡ ಮೇಲೆ ಮುಂಗೋಣೆಯಲ್ಲಿ ಮಿಷನ್ ಹಾಕಿಕೊಂಡು, ಪ್ಯಾಂಟು ಮೋಟು ಮಾಡಿ, ಪರದೆಗೆ ಅಂಚು ಹೊಲಿದು, ಮಗನನ್ನು ದಡ ಮುಟ್ಟಿಸಿದವಳು. ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಅಂಗಡಿಯವನು ಬಟ್ಟೆ ಅಳೆಯುವಾಗ ಅವಳ ಕಣ್ಣು ಬಟ್ಟೆಯ ಮೇಲಲ್ಲ, ಅವನ ಹೆಬ್ಬೆರಳ ಮೇಲೆ.

ಸೊಸೆ ಬಂದ ಮೇಲೆ ಆ ಕಣ್ಣಿಗೆ ಕೆಲಸ ಹೆಚ್ಚಿತು. ಹುಡುಗಿ ಒಳ್ಳೆಯವಳೇ. ಆದರೆ ಸಂಜೆಯಾದರೆ ಹಿಂದಿನ ಕೋಣೆಯ ಬಾಗಿಲು ಓರೆ ಮಾಡಿಕೊಂಡು ಫೋನಿನಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದಳು. ಮುಚ್ಚಿಡುವಂಥದ್ದು ಇಲ್ಲದಿದ್ದರೆ ಇಂಗ್ಲಿಷ್ ಯಾಕೆ? ಒಂದು ದಿನ ಟೈಲರಮ್ಮ ಮಿಷನ್ ನಿಲ್ಲಿಸಿ ಕಿವಿಗೊಟ್ಟಳು. ‘ಮದರ್ ಇನ್ ಲಾ’ ಎಂದರೆ ತಾನೇ ಎಂದು ಗೊತ್ತಿತ್ತು. ಅದರ ಬೆನ್ನಿಗೇ ‘ಆಫುಲಿ ಕ್ಲೆವರ್’, ‘ಟೆರಿಬ್ಲಿ ಸಸ್ಪಿಷಸ್’ ಎಂಬ ಮಾತುಗಳು ಕಿವಿಗೆ ಬಿದ್ದವು. ಹೊಲಿಗೆ ಕೆಟ್ಟಾಗ ಗಿರಾಕಿಗಳು ಮುಖ ಸಿಂಡರಿಸಿ ಹೇಳುತ್ತಿದ್ದದ್ದೇ ಆಫುಲ್, ಟೆರಿಬಲ್ ಎಂದು.

ಮಗನನ್ನು ಕೇಳೋಣವೆಂದರೆ ಅವನು ಹೆಂಡತಿಯ ಕಡೆ ವಾಲಿದರೆ? ಕೊನೆಗೆ, ಕೋಟಿಗೆ ಗುಂಡಿ ಹಾಕಿಸಲು ಬಂದ ನಿವೃತ್ತ ಮೇಷ್ಟ್ರನ್ನು, ಯಾರದೋ ಮನೆಯ ಮಾತೆಂಬಂತೆ ಕೇಳಿದಳು.

ಆ ಪದಗಳು ಗುಣ ಹೇಳುವ ಮಾತಿನ ಮುಂದೆ ಬಂದಾಗ ತಮ್ಮ ಕೆಟ್ಟ ಅರ್ಥ ಬಿಟ್ಟು ಬರೀ ಒತ್ತು ಕೊಡುತ್ತವೆ ಎಂದರು ಮೇಷ್ಟ್ರು. ನಾವು ‘ಭಯಂಕರ ಚೆನ್ನಾಗಿದೆ’ ಅನ್ನುವುದಿಲ್ಲವೇ, ಹಾಗೆ. ಮೊದಲನೆಯದು ‘ತುಂಬಾ ಜಾಣೆ’. ಟೈಲರಮ್ಮನ ಮುಖ ಅರಳಿತು. ಎರಡನೆಯದಕ್ಕೆ ಮೇಷ್ಟ್ರು ಕೆಮ್ಮಿದರು.

“ವಿಪರೀತ ಸಂಶಯದವರು ಅಂತ.”

“ವಿಪರೀತನಾ? ಸ್ವಲ್ಪ ಇಳಿಸಿ ಹೇಳೋಕೆ ಏನಂತಾರೆ ಮೇಷ್ಟ್ರೇ?”

ಮೇಷ್ಟ್ರಿಗೆ ಯಾರ ಮನೆಯ ಮಾತೆಂದು ಹೊಳೆಯಿತು. ನಗು ನುಂಗಿಕೊಂಡು ‘ಎ ಬಿಟ್’ ಎಂದು ಹೇಳಿಕೊಟ್ಟರು.

ಅಂದು ಸೊಸೆ ಫೋನ್ ಮುಗಿಸಿ ಹೊರಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದಳು.

“ಟೆರಿಬ್ಲಿ ಅನ್ಬೇಡಮ್ಮಾ. ಎ ಬಿಟ್ ಸಸ್ಪಿಷಸ್ ಅನ್ನು, ಸಾಕು.”

ಸೊಸೆಯ ಮುಖ ಬಿಳಚಿಕೊಂಡಿತು. ಆಮೇಲೆ ಮೆಲ್ಲನೆ ಬಾಯಿಬಿಟ್ಟಳು. ಕಾಲೇಜಿನ ಗೆಳತಿಯೊಬ್ಬಳ ಜೊತೆ ಸೇರಿ ಉಡುಪಿನ ಅಂಗಡಿ ತೆರೆಯುವ ಯೋಚನೆಯಿತ್ತು. ಆ ಗೆಳತಿಗೆ ಕನ್ನಡ ಬಾರದು, ಅದಕ್ಕೇ ಇಂಗ್ಲಿಷ್. ಬಂದ ಬಟ್ಟೆಯನ್ನೂ ಹೊಲಿಗೆಯನ್ನೂ ಪರೀಕ್ಷಿಸಲು, ಯಾರ ಬಣ್ಣದ ಮಾತಿಗೂ ಮರುಳಾಗದವರೊಬ್ಬರು ಬೇಕಿತ್ತು.

“ನಿಮ್ಮನ್ನ ಬಿಟ್ರೆ ಬೇರೆ ಯಾರಿದಾರೆ ಅತ್ತೆ? ಗಟ್ಟಿಯಾದ್ಮೇಲೆ ಹೇಳೋಣ ಅಂತ ಸುಮ್ನಿದ್ದೆ.”

ಟೈಲರಮ್ಮನಿಗೆ ಒಳಗೊಳಗೇ ಹಿಗ್ಗು. ಆದರೂ ಮುಖ ಬಿಗಿದುಕೊಂಡೇ ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಆ ಗೆಳತಿ ಎಂಥವಳು, ಯಾರ ಮಗಳು, ಹಿಂದೆ ಯಾರ ಜೊತೆ ವ್ಯಾಪಾರ ಮಾಡಿದ್ದಳು ಎಂದು ಒಂದೊಂದಾಗಿ ವಿಚಾರಿಸತೊಡಗಿದಳು.