ಹುಣಸೆ ಬೀಜದ ಊರು

ಮಕ್ಕಳಿಗೆ ಮೊದಲು ಅವರ ಊರನ್ನೇ ಕಲಿಸಬೇಕು ಎಂದು ಇನ್‌ಸ್ಪೆಕ್ಟರ್ ಸಾಹೇಬರು ಹಿರಿಯೂರಿನಲ್ಲಿ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು. ಸಮುದ್ರ, ಖಂಡ, ಹಿಮದ ಬೆಟ್ಟ ಎಲ್ಲ ಆಮೇಲೆ. ಮೊದಲು ಮನೆ, ಆಮೇಲೆ ಬೀದಿ, ಆಮೇಲೆ ಊರು. ಊರಲ್ಲಿ ಯಾರು ಯಾರಿದ್ದಾರೆ, ಯಾರು ಯಾರಿಗೆ ಏನು ಮಾಡಿಕೊಡುತ್ತಾರೆ, ಅದು ತಿಳಿಯದ ಮಗುವಿಗೆ ಲಂಡನ್ ಎಲ್ಲಿದೆ ಎಂದು ತಿಳಿದು ಏನಾಗಬೇಕು ಎಂದರು. ನಾವು ಮೇಷ್ಟ್ರುಗಳು ಕೋಲೆ ಬಸವನ ಹಾಗೆ ತಲೆ ಆಡಿಸಿದೆವು. ನನಗೆ ಒಳಗೊಳಗೇ ನಗು ಬಂತು. ಊರೇ ಇಲ್ಲದವನ ಕೈಗೆ ಊರಿನ ಪಾಠ ಕೊಟ್ಟಿದ್ದರು.

ನಾನು ಹೊಳಲ್ಕೆರೆ ಸೀಮೆಯವನು, ಬಿ.ದುರ್ಗದ ಹತ್ತಿರದವನು. ಪ್ಲೇಗು ಬಂದ ವರ್ಷ ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತು. ಆ ಗುಡಿಸಲಲ್ಲೇ ನನ್ನ ಹೆಂಡತಿ ಹೋದಳು. ಅವಳ ಕಾಲುಂಗುರ ಇನ್ನೂ ಸವೆದಿರಲಿಲ್ಲ. ರೋಗ ಇಳಿದ ಮೇಲೆ ಎಲ್ಲರೂ ಗುಡಿಸಲು ಕಿತ್ತು ಮನೆಗೆ ಮರಳಿದರು. ನನಗೆ ಮಾತ್ರ ನಮ್ಮ ಹೊಸ್ತಿಲು ದಾಟಲು ಕಾಲು ಬರಲಿಲ್ಲ. ಎಲ್ಲಿಗಾದರೂ ಹಾಕಿ, ದೂರವಾದರೆ ಸಾಕು ಎಂದು ಮೇಲಿನವರನ್ನು ಕೇಳಿಕೊಂಡೆ. ಹಾಗೆ ಕೇಳುವವರು ಅಪರೂಪ, ಕೂಡಲೇ ಕೊಟ್ಟರು. ಧರ್ಮಪುರದಿಂದಲೂ ಆಚೆ, ಬಾಯಿ ಬಿಟ್ಟರೆ ಅರ್ಧ ಕನ್ನಡ ಅರ್ಧ ತೆಲುಗು ಬರುವ ಒಂದು ಒಣ ಊರು. ಊರ ಚಾವಡಿಯೇ ಶಾಲೆ. ಅದಕ್ಕೆ ಅಂಟಿಕೊಂಡಿದ್ದ ಒಂದು ಕೋಣೆಯಲ್ಲಿ ನಾನು.

ಆ ಊರಿನವರು ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು, ಜಗಳವಾದರೂ ಆಡಬಹುದಿತ್ತು. ಅವರು ಅಂಥವರಲ್ಲ. ನಾನು ಬೀದಿಗಿಳಿದರೆ ಅರಳಿಕಟ್ಟೆಯ ಮೇಲೆ ಕೂತವರೆಲ್ಲ ಎದ್ದು ನಿಲ್ಲುತ್ತಿದ್ದರು. 'ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ' ಎಂದು ಕಟ್ಟೆಯನ್ನೇ ಖಾಲಿ ಮಾಡಿಕೊಡುತ್ತಿದ್ದರು. ಖಾಲಿ ಕಟ್ಟೆಯ ಮೇಲೆ ಒಬ್ಬನೇ ಕೂತು ಏನು ಮಾಡಲಿ? ಅಷ್ಟು ಹೊತ್ತು ಕೇಕೆ ಹಾಕುತ್ತಿದ್ದವರು ನನ್ನೆದುರು ಕೈ ಕಟ್ಟಿಕೊಂಡು ನಿಲ್ಲುವರು. ನಾನು ತಿರುವು ದಾಟಿದೆನೋ ಇಲ್ಲವೋ, ಹಿಂದಿನಿಂದ ಮತ್ತೆ 'ಲೇ', ಮತ್ತೆ 'ಏನಪ್ಪ', ಮತ್ತೆ ನಗು. ಆ ನಗು ನನ್ನ ಮೇಲಲ್ಲ ಎಂದು ಗೊತ್ತಿತ್ತು. ನನ್ನ ಮೇಲಾದರೂ ಇರಬಾರದಿತ್ತೇ ಎನಿಸುತ್ತಿತ್ತು.

ಊಟದ ಮಾತೂ ಹಾಗೆಯೇ. ನಾನು ಲಿಂಗ ಕಟ್ಟಿದವನು. ಅವರು ದೇವರಿಗೆ ಕುರಿ ಕಡಿಯುವ ಒಕ್ಕಲು. ಬೇಯಿಸಿದ್ದನ್ನು ಅವರು ಕೊಡುವಂತಿಲ್ಲ, ನಾನು ತಿನ್ನುವಂತಿಲ್ಲ. ಧರ್ಮಪುರದ ಸಂತೆಯಲ್ಲಿ ಅಕ್ಕಿ ಬೇಳೆ ತಂದು ನಾನೇ ಬೇಯಿಸಿಕೊಳ್ಳುತ್ತಿದ್ದೆ. ಮಕ್ಕಳು ಮನೆಗೆ ಹೋದ ಮೇಲೆ ಮರುದಿನ ಅವರು ಬರುವವರೆಗೆ, ದೀಪ ಹಚ್ಚುವಾಗ ಹೇಳುವ ಶಿವನಾಮ ಬಿಟ್ಟರೆ, ನನ್ನ ಬಾಯಿಂದ ಒಂದು ಮಾತೂ ಹೊರಡದ ದಿನಗಳಿದ್ದವು.

ಸುಗ್ಗಿ ಬಂದರೆ ಇನ್ನೂ ಕಷ್ಟ. ಊರೆಲ್ಲ ಕಣದಲ್ಲಿ. ಎತ್ತುಗಳನ್ನು ಗದರುವ ದನಿ, ತೂರುವವರ ಹಾಡು, ಗಾಳಿಯಲ್ಲಿ ರಾಗಿ ಹೊಟ್ಟಿನ ದೂಳು. ಇವತ್ತಾದರೂ ಯಾರಾದರೂ ಬಂದು 'ಬರ್ರಿ ಮೇಷ್ಟ್ರೇ, ಕಣಕ್ಕೆ ಹೋಗಾಣ' ಎನ್ನುತ್ತಾರೆ ಎಂದು ನಾನು ಶುಭ್ರವಾದ ಉತ್ತರೀಯ ಹೊದ್ದು ಕಾಯುತ್ತಿದ್ದೆ. ಯಾರೂ ಬರುತ್ತಿರಲಿಲ್ಲ. ಸಂಜೆ ಉತ್ತರೀಯ ಮಡಿಸಿಟ್ಟು ಕದ ಹಾಕಿಕೊಳ್ಳುತ್ತಿದ್ದೆ. ಬೇಡವಾದವನಿಗೆ ಕದವೇ ನೆಂಟ ಎಂದುಕೊಂಡು ವರ್ಷ ವರ್ಷ ಕಳೆದೆ.

ಇಂಥವನು ಊರಿನ ಪಾಠ ಶುರುಮಾಡಿದೆ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ, ನಾನೂ ಹುಮ್ಮಸ್ಸಿನಿಂದಲೇ ತೊಡಗಿದೆ. ಚಾವಡಿಯ ಮುಂದೆ ಮಕ್ಕಳು ಅಕ್ಷರ ತಿದ್ದುವ ಮರಳಿತ್ತು. ಅದನ್ನೇ ಅಗಲವಾಗಿ ಹರಡಿ, ಇದರಲ್ಲಿ ನಮ್ಮ ಊರು ಕಟ್ಟಿ ಎಂದೆ.

ಶಾಲೆಗೆ ಬರುತ್ತಿದ್ದ ಹುಡುಗಿ ಒಬ್ಬಳೇ, ಕುಂಬಾರರ ಮನೆಯವಳು. ಅವಳು ಮನೆಗೆ ಓಡಿಹೋಗಿ ಲಂಗದ ತುಂಬ ಒಡೆದ ಮಡಕೆಯ ಬೋಕಿ ಚೂರುಗಳನ್ನು ತಂದು ಸುರಿದಳು. ಒಂದು ಚೂರು ಒಂದು ಮನೆ. ಚಾವಡಿಯ ಹಿಂದಿನ ಹುಣಸೆ ಮರದಡಿ ಬೀಜಕ್ಕೇನು ಬರ, ಮನೆಯಲ್ಲಿ ಎಷ್ಟು ಜನವೋ ಅಷ್ಟು ಬೀಜ ಎಂದು ಅವಳೇ ಗೊತ್ತುಮಾಡಿದಳು. ಕಮ್ಮಾರ, ಬಡಗಿ, ಅಗಸ, ಕ್ಷೌರಿಕ, ನೀರುಗಂಟಿ ಎಲ್ಲರೂ ಬಂದು ಕೂತರು. ಹಳ್ಳದಾಚೆಯ ಕೇರಿಯ ಮಕ್ಕಳನ್ನು ಶಾಲೆಗೆ ಬಿಡುತ್ತಿರಲಿಲ್ಲ. ಅವರ ಮನೆಗಳನ್ನು ಇವರೇ ಇಟ್ಟರು, ಬೆರಳಲ್ಲಿ ಹಳ್ಳ ಗೀರಿ, ಅದರಾಚೆ. ಊರನ್ನು ಮಕ್ಕಳು ಎಷ್ಟು ಬೇಗ ಕಲಿತಿರುತ್ತಾರೆ ಎಂದು ನನಗೆ ಒಂದು ಥರಾ ಆಯಿತು. ಕಲಿಸುವುದಕ್ಕೆ ನನಗೆ ಉಳಿದದ್ದು ಅಷ್ಟರಲ್ಲೇ ಇತ್ತು.

ಅಷ್ಟರಲ್ಲಿ ಒಂದು ಜಗಳ ಎದ್ದಿತು. ಒಬ್ಬ ಹುಡುಗ ತನ್ನ ಮನೆಯ ಚೂರಿನ ಮೇಲೆ ಅಪ್ಪನ ಬೀಜ ಇಟ್ಟಿದ್ದ. ಅವನಪ್ಪ ಮಾರಿಕಣಿವೆಯಲ್ಲಿ ಅಣೆಕಟ್ಟೆ ಕಟ್ಟುವ ಕಲ್ಲಿನ ಕೆಲಸಕ್ಕೆ ಹೋಗಿ ಎರಡು ಮಳೆಗಾಲ ಕಳೆದಿತ್ತು.

"ಊರಲ್ಲಿಲ್ಲದವನಿಗೆ ಬೀಜ ಯಾಕೋ?" ಎಂದೆ.

"ಇಲ್ದಿದ್ರೇನ್ರೀ? ನಮ್ಮಪ್ಪನ ಪಾಲು ಕಣದಾಗೆ ಐತೆ" ಎಂದ ಹುಡುಗ.

ಕುಂಬಾರರ ಹುಡುಗಿ ಅವನ ಪರ ವಹಿಸಿದಳು. "ಹೂಂ ಮೇಷ್ಟ್ರೇ. ಕಣದಾಗೆ ಪಾಲು ಇರೋರೆಲ್ಲ ಊರೋರು." ಹಾಗೆ ಹೇಳಿದವಳು ತನ್ನ ಮನೆಯ ಚೂರಿನಿಂದ ಒಂದು ಬೀಜ ತೆಗೆದು ಉಳಿದ ಬೀಜಗಳ ಗುಡ್ಡೆಗೆ ಎಸೆದಳು. ಯಾಕೆ ಎಂದರೆ, "ಅಜ್ಜಿದು. ಮರ್ತು ಇಕ್ಬಿಟ್ಟಿದ್ದೆ. ಸತ್ತೋರಿಗೆ ಪಾಲಿಲ್ವಲ್ಲ" ಎಂದಳು. ದುಃಖವೇನೂ ಇರಲಿಲ್ಲ ದನಿಯಲ್ಲಿ.

ಸುಗ್ಗಿಯಲ್ಲಿ ರಾಶಿ ಅಳೆಯುವ ಮೊದಲು ಕಮ್ಮಾರ, ಕುಂಬಾರ, ಅಗಸ ಇವರಿಗೆಲ್ಲ ವರ್ಷದ ದುಡಿಮೆಗೆಂದು ಕಣದಲ್ಲೇ ಕಾಳು ಕೊಡುವುದು ನಮ್ಮ ಕಡೆಯೂ ಇತ್ತು. ಆದರೆ ಅದೇ ಊರಿನವರನ್ನು ಅಳೆಯುವ ಕೊಳಗ ಎಂದು ನನಗೆ ಹೊಳೆದಿರಲಿಲ್ಲ. ಮರಳಿನ ಊರನ್ನು ಮತ್ತೊಮ್ಮೆ ನೋಡಿದೆ. ಗುಡಿ ಇತ್ತು, ಬಾವಿ ಇತ್ತು, ಚಾವಡಿಗೆಂದು ದೊಡ್ಡ ಚೂರೇ ಇತ್ತು. ಚಾವಡಿಯ ಮೇಲೆ ಬೀಜವಿರಲಿಲ್ಲ. ಹಳ್ಳದಾಚೆಯ ಕೇರಿಯವರಿಗೂ ಬೀಜವಿತ್ತು. ಅವರ ಪಾಡಿಗೆ ನನ್ನದನ್ನು ಹೋಲಿಸುವ ಧೈರ್ಯ ನನಗಿಲ್ಲ. ಆದರೂ ಕೇಳದೆ ಇರಲಾಗಲಿಲ್ಲ.

"ಹಾಗಾದರೆ ನಾನೆಲ್ಲಿ?" ಎಂದೆ, ನಗುತ್ತಲೇ.

ಕುಂಬಾರರ ಹುಡುಗಿಯೇ ಹೇಳಿದಳು, "ನೀವು ಕಣಕ್ಕೆ ಬರಲ್ವಲ್ರೀ ಮೇಷ್ಟ್ರೇ."

"ಯಾರೂ ಕರೆಯಲಿಲ್ಲವಲ್ಲ."

ಮಕ್ಕಳೆಲ್ಲ ಗೊಳ್ಳೆಂದರು. "ಕಣಕ್ಕೆ ಯಾರಾನ ಕರೀತಾರಾ?" ಎಂದಿತು ಒಂದು. ಹುಡುಗಿ ಮಾತ್ರ ನಗದೆ, ದಡ್ಡನಿಗೆ ಮಗ್ಗಿ ಹೇಳಿಕೊಡುವ ಹಾಗೆ ಬಿಡಿಸಿ ಹೇಳಿದಳು. "ನಮ್ಮಪ್ಪನ್ನೂ ಯಾರೂ ಕರಿಯಲ್ಲ. ರಾಶಿ ಆದ ದಿನ ಹೋಗಿ ನಿಂತ್ಕಂತೈತೆ, ಅಷ್ಟೇಯ. ಕರ್ದು ಕೊಟ್ರೆ ಅದು ಭಿಕ್ಷ ಆಗ್ತೈತಂತೆ. ನಮ್ಮಪ್ಪ ಮುಟ್ಟಲ್ಲ."

ಆ ದಿನ ಪಾಠ ಮುಂದೆ ಸಾಗಲಿಲ್ಲ. ಅವರು ನನಗೆ ಅವಮಾನವಾಗಬಾರದೆಂದು ಕರೆದಿರಲಿಲ್ಲ; ಅವರು ಕರೆಯಲಿಲ್ಲವೆಂದು ನಾನು ಅವಮಾನ ಪಟ್ಟುಕೊಂಡು ಕೂತಿದ್ದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ ಎಂದು ನಮ್ಮಮ್ಮ ಹೇಳುತ್ತಿದ್ದಳು. ಊರಿಗೆ ಬಂದೂ ಕಣಕ್ಕೆ ಹೋಗದ ಮಗನನ್ನು ಅವಳು ಕಂಡಿರಲಿಲ್ಲ.

ತಿಳಿದ ಮೇಲೆ ಹಗುರಾಗಬೇಕಿತ್ತು, ಭಯ ಶುರುವಾಯಿತು. ಇಷ್ಟು ವರ್ಷ ನನಗೊಂದು ಸಮಾಧಾನವಿತ್ತು, ಅವರು ಕರೆಯಲಿಲ್ಲ, ಅದಕ್ಕೆ ಹೋಗಲಿಲ್ಲ ಎಂದು. ಈಗ ಹೋಗಿ ನಿಂತೆ, ಊರ ಗೌಡರು ತಲೆ ಎತ್ತದೆ ಅಳೆದು ಮುಗಿಸಿಬಿಟ್ಟರು, ಆಗ? ಆ ಊರಲ್ಲಿ ಮತ್ತೆ ಯಾವ ಮುಖ ಹೊತ್ತು ಓಡಾಡಲಿ? ಬಿಟ್ಟು ಹೋಗುವುದಕ್ಕೂ ನನಗೆ ಬೇರೆ ಊರಿರಲಿಲ್ಲ. ಆ ವರ್ಷದ ರಾಗಿ ತೆನೆ ಕಟ್ಟಿ, ಕೊಯ್ಲಾಗಿ, ಬಣವೆ ಏರಿ, ಕಣಕ್ಕೆ ಸಗಣಿ ಬಳಿಯುವವರೆಗೂ ಇದನ್ನೇ ಮಥಿಸಿದೆ. ಮನಸ್ಸು ಬೇಡ ಬೇಡ ಎನ್ನುತ್ತಿತ್ತು.

ಗೌಡರ ಕಣದಲ್ಲಿ ರಾಶಿಯಾದ ದಿನ ಮಕ್ಕಳು ತಾವೇ ರಜ ಮಾಡಿಕೊಂಡು ಓಡಿದರು. ನಾನೂ ಹೊರಟೆ. ಕಣದ ಅಂಚಿನಲ್ಲಿ ಚಪ್ಪಲಿ ಬಿಟ್ಟೆ. ಕಮ್ಮಾರ, ಬಡಗಿ, ಕುಂಬಾರ ಸಾಲಾಗಿ ನಿಂತಿದ್ದರು, ನಾನು ಕೊನೆಗೆ ನಿಂತೆ. ರಾಶಿಯ ಮುಂದೆ ಮಾತಾಡಬಾರದು. ಎಲ್ಲರೂ ನನ್ನನ್ನು ಕಂಡರು, ಅಷ್ಟೇ. ಗೌಡರು ಕೊಳಗ ಮಗುಚುತ್ತ, ಒಬ್ಬೊಬ್ಬರ ಮೊರಕ್ಕೂ ಗೋಣಿಗೂ ಕಾಳು ಸುರಿಯುತ್ತ ಬಂದರು. ಕುಂಬಾರನದಾಯಿತು. ಗೌಡರು ಕೊಳಗವನ್ನು ರಾಶಿಯ ಮೇಲಿಟ್ಟು ಬೆವರು ಒರೆಸಿಕೊಂಡರು. ಮುಗಿಯಿತು ಎಂದುಕೊಂಡೆ.

ಗೌಡರು ಮತ್ತೆ ಕೊಳಗ ತುಂಬಿದರು. ನನ್ನ ಮುಂದೆ ಬಂದು ನಿಂತು, ಖಾಲಿ ಕೈ ನೋಡಿ, ಗದ್ದದಿಂದ ಉತ್ತರೀಯ ತೋರಿಸಿದರು. ಅದನ್ನು ಒಡ್ಡಿದೆ. ರಾಗಿ ಅಷ್ಟು ತಣ್ಣಗೆ, ಅಷ್ಟು ಭಾರವಾಗಿರುತ್ತದೆ ಎಂದು ಗೊತ್ತಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಬಂದಿತು ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಕಣದಿಂದ ಹೊರಬಂದ ಮೇಲೆ ಗೌಡರ ತಾಯಿ ಅಡ್ಡ ನಿಂತಳು. ಬೆನ್ನು ಬಾಗಿದ ಮುದುಕಿ.

"ಏನಪ್ಪ, ಈಗ ದಾರಿ ಕಂಡ್ತೇನು?" ಎಂದಳು. "ತಾ ಇತ್ಲಾಗೆ. ಇದನ್ನ ಬೀಸಾಕೆ ನಿನ್ನ ಮನ್ಯಾಗೆ ಯಾರವ್ರೆ?"

ಆ ಊರಲ್ಲಿ ನನ್ನನ್ನು ಮೊದಲು 'ಏನಪ್ಪ' ಎಂದವಳು ಅವಳು. ಉತ್ತರೀಯದ ಗಂಟನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಸೊಂಟಕ್ಕೇರಿಸಿಕೊಂಡು ನಡೆದಳು.

ಮರುದಿನ ಶಾಲೆಗೆ ಬಂದಾಗ ಮಕ್ಕಳು ಮರಳಿನ ಸುತ್ತ ಕೂತಿದ್ದರು. ಮಳೆಗೆ, ಕೋಳಿಗಳ ಕಾಲಿಗೆ ಕೆಟ್ಟುಹೋಗಿದ್ದ ಊರನ್ನು ಮತ್ತೆ ಕಟ್ಟಿದ್ದರು. ಚಾವಡಿಯ ಪಕ್ಕದಲ್ಲಿ ಹೊಸದೊಂದು ಚೂರು. ಒಡೆದ ಚೂರಲ್ಲ, ಕುಂಬಾರರ ಹುಡುಗಿ ಅಪ್ಪನನ್ನು ಕಾಡಿ ಮಾಡಿಸಿಕೊಂಡು ಬಂದಿದ್ದ, ಇನ್ನೂ ಸುಡದ ಪುಟ್ಟ ಹಣತೆ. "ನಿಮ್ಮ ಮನೆ ಮೇಷ್ಟ್ರೇ" ಎಂದಳು. ಅಷ್ಟು ವರ್ಷ ಬಯಸಿದ್ದು ಅದರೊಳಗಿತ್ತು. ಒಂದು ಹುಣಸೆ ಬೀಜ.

ಎಡಬಲದ ಮನೆಗಳಲ್ಲಿ ಬೀಜಗಳು ಒಂದರ ಮೇಲೊಂದು ಒತ್ತಿಕೊಂಡಿದ್ದವು. ಮಾರಿಕಣಿವೆಗೆ ಹೋದವನ ಬೀಜವೂ ಅವನ ಹೆಂಡತಿ ಮಕ್ಕಳ ನಡುವೆ ಇತ್ತು.

"ಒಂದೇನಾ?" ಎಂದೆ.

"ಒಬ್ರೇ ಅಲ್ವೇನ್ರೀ?" ಎಂದಳು.

ನನಗೆ ತಿಳಿಯುವ ಮೊದಲೇ ನನ್ನ ಕೈ ಗುಡ್ಡೆಯಿಂದ ಇನ್ನೊಂದು ಬೀಜ ಎತ್ತಿಕೊಂಡಿತ್ತು. ನುಣ್ಣಗಿತ್ತು, ಬಿಸಿಲಿಗೆ ಬೆಚ್ಚಗಾಗಿತ್ತು. ಮಕ್ಕಳು ನನ್ನ ಕೈಯನ್ನೇ ನೋಡುತ್ತಿದ್ದರು. ಹುಡುಗಿ ಬಗ್ಗಿ, "ಅದು ಯಾರದ್ರೀ ಮೇಷ್ಟ್ರೇ?" ಎಂದು ಕೇಳಿದಳು.

ಗುಡಿಸಲಲ್ಲಿ ಹೋದವಳದು ಎಂದು ನಾಲಿಗೆಯ ತುದಿಗೆ ಬಂತು. ಆದರೆ ಈ ಹುಡುಗಿ ತನ್ನ ಅಜ್ಜಿಯ ಬೀಜವನ್ನು ಗುಡ್ಡೆಗೆ ಎಸೆದದ್ದು ನೆನಪಿತ್ತು. ನನ್ನ ಕೈಲಿದ್ದುದನ್ನೂ ಅಲ್ಲೇ ಹಾಕಿದೆ. ಯಾರದೂ ಅಲ್ಲ, ನೀನು ಇಟ್ಟದ್ದೇ ಸರಿ ಎಂದು ಹೇಳಿ, ಕಮ್ಮಾರ ಊರಿಗೆ ಏನು ಮಾಡಿಕೊಡುತ್ತಾನೆ ಎಂದು ಪಕ್ಕದಲ್ಲಿ ಕೂತವನನ್ನು ಕೇಳಿದೆ.